ಕಿಡ್ನಿ ಕಲ್ಲಿಗೆ ಬೆನ್ನಿನಿಂದ ದಾರಿ: ಸಿ.ಟಿ., ಅಲ್ಟ್ರಾಸೌಂಡ್, ಸಿ-ಆರ್ಮ್ ಮೂರನ್ನೂ ಜೋಡಿಸಿ ಪಿಸಿಎನ್‌ಎಲ್ ಮಾಡುವ ಸಮಗ್ರ ಮಾರ್ಗದರ್ಶಿ

ಸಿ.ಟಿ. ತೆಗೆದದ್ದು ಹೋದ ವಾರ. ಆಗ ರೋಗಿ ಅಂಗಾತ ಮಲಗಿ ಉಸಿರು ಎಳೆದು ಹಿಡಿದಿದ್ದರು. ಆಪರೇಷನ್ ಇವತ್ತು. ಈಗ ಅವರು ಬೋರಲಾಗಿ ಮಲಗಿದ್ದಾರೆ, ಎದೆಗೂ ಸೊಂಟಕ್ಕೂ ದಿಂಬು ಕೊಟ್ಟಿದೆ, ಉಸಿರಾಡಿಸುತ್ತಿರುವುದು ವೆಂಟಿಲೇಟರ್. ಕಿಡ್ನಿ ಅದೇ, ಕಲ್ಲೂ ಅದೇ. ಆದರೆ ಫಿಲ್ಮಿನಲ್ಲಿ ಕಂಡ ಜಾಗದಲ್ಲಿ ಎರಡೂ ಇಲ್ಲ. ಉಸಿರಿನ ಏರಿಳಿತಕ್ಕೇ ಕಿಡ್ನಿ 2ರಿಂದ 4 ಸೆಂ.ಮೀ. ಜಾರುತ್ತದೆ, ಸೂಜಿ ಮುಟ್ಟಬೇಕಾದ ಗುರಿಯ ಅಗಲ ಒಂದು ಸೆಂ.ಮೀ. ಇದ್ದರೆ ಹೆಚ್ಚು. ಹಲವು ಬಗೆಯ ಚಿತ್ರಗಳನ್ನು ಜೋಡಿಸುವ ಕೆಲಸವೆಂದರೆ ಈ ವ್ಯತ್ಯಾಸವನ್ನು ಅಳೆದು, ಕಡಿಮೆ ಮಾಡಿ, ಉಳಿದದ್ದನ್ನು ಕಣ್ಣೆದುರಿನ ಚಿತ್ರದಿಂದ ತಿದ್ದಿಕೊಳ್ಳುವುದು. ಸಿ.ಟಿ.ಯನ್ನೂ ಅಲ್ಟ್ರಾಸೌಂಡನ್ನೂ ಒಂದೇ ತೆರೆಯಲ್ಲಿ ಜೋಡಿಸುವ ದುಬಾರಿ ಫ್ಯೂಷನ್ ಯಂತ್ರ ಇದ್ದರೂ ಇಲ್ಲದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಈ ಬರಹ ಯುರಾಲಜಿ ರೆಸಿಡೆಂಟ್‌ಗಳು, ರೇಡಿಯೋಗ್ರಾಫರ್‌ಗಳು ಮತ್ತು ಓಟಿ ತಂತ್ರಜ್ಞರಿಗಾಗಿ. ತಮ್ಮ ಮೇಲೆ ನಡೆಯಲಿರುವ ಆಪರೇಷನ್ ಏನೆಂದು ತಿಳಿಯಬಯಸುವ ರೋಗಿಗಳೂ ಓದಬಹುದು. ಓದಿದ ಮಾತ್ರಕ್ಕೆ ಸೂಜಿ ಹಿಡಿಯುವ ಅರ್ಹತೆ ಬರುವುದಿಲ್ಲ. ಅದು ಹಿರಿಯರ ಪಕ್ಕದಲ್ಲಿ ನಿಂತು ಕಲಿಯುವ ಕೆಲಸ.

ಪಿಸಿಎನ್‌ಎಲ್ ಅಂದರೆ ಬೆನ್ನಿನ ಚರ್ಮದಿಂದ ಕಿಡ್ನಿಯೊಳಗಿನ ಮೂತ್ರದ ಕೋಣೆಗೆ, ಅಂದರೆ ಕ್ಯಾಲಿಕ್ಸ್‌ಗೆ, ನೇರ ದಾರಿ ಮಾಡಿ ಕಲ್ಲು ಒಡೆದು ತೆಗೆಯುವುದು. 20 ಮಿ.ಮೀ.ಗಿಂತ ದೊಡ್ಡ ಕಲ್ಲಿಗೆ ಸಾಮಾನ್ಯವಾಗಿ ಮೊದಲ ಆಯ್ಕೆ ಇದೇ. ಊದಿಕೊಂಡ ಕಿಡ್ನಿಗೆ ಚರ್ಮದ ಮೂಲಕ ನಳಿಕೆ ಇಳಿಸುವ ವಿಧಾನವನ್ನು ಗುಡ್‌ವಿನ್ ಮತ್ತು ಸಂಗಡಿಗರು 1955ರಲ್ಲಿ ಪ್ರಕಟಿಸಿದರು. ಅಂಥ ದಾರಿಯಿಂದಲೇ ಕಲ್ಲು ತೆಗೆದದ್ದನ್ನು ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೊಹಾನ್ಸನ್ 1976ರಲ್ಲಿ ವರದಿ ಮಾಡಿದರು. ಅಂದಿನಿಂದ ಉಪಕರಣಗಳು ಬಹಳ ಸಣ್ಣದಾಗಿವೆ. ಕಷ್ಟದ ಹೆಜ್ಜೆ ಮಾತ್ರ ಇಂದಿಗೂ ಸೂಜಿಯದೇ. ಅದು ಸರಿಯಾಗಿ ಬಿದ್ದರೆ ಮುಂದಿನ ಅರ್ಧ ಕೆಲಸ ತಾನಾಗಿ ಸಲೀಸಾಗುತ್ತದೆ.

ಯಾವ ಚಿತ್ರಕ್ಕೆ ಯಾವ ಪ್ರಶ್ನೆ

ಸಿ.ಟಿ.ಗೆ ಎಲ್ಲವೂ ಕಾಣುತ್ತದೆ: ಕಲ್ಲು, ಕರುಳು, ಗುಲ್ಮ, ಪಕ್ಕೆಲುಬು, ಶ್ವಾಸಕೋಶದ ಅಂಚು. ಆದರೆ ಅದು ನಿಂತ ಚಿತ್ರ. ಅಲ್ಟ್ರಾಸೌಂಡ್ ಈ ಕ್ಷಣದ ಕಿಡ್ನಿಯನ್ನು, ದಾರಿಗೆ ಅಡ್ಡ ಬರುವ ಕರುಳನ್ನು, ಡಾಪ್ಲರ್ ಹಾಕಿದರೆ ರಕ್ತನಾಳಗಳನ್ನೂ ತೋರಿಸುತ್ತದೆ. ಸೂಜಿಯ ಮೂಲಕ ಇಳಿಸುವ ತಂತಿ, ಅಂದರೆ ಗೈಡ್‌ವೈರ್, ಎಲ್ಲಿ ಹೋಯಿತು, ದಾರಿ ಹಿಗ್ಗಿಸುವ ಡೈಲೇಟರ್ ಎಷ್ಟು ಒಳಗೆ ಇಳಿಯಿತು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಲಾರದು. ಸಿ-ಆರ್ಮ್, ಅಂದರೆ ಓಟಿಯಲ್ಲಿ ಬೇಕಾದ ಕೋನಕ್ಕೆ ತಿರುಗಿಸುವ ಎಕ್ಸ್-ರೇ ಯಂತ್ರ, ವೈರನ್ನೂ ಡೈಲೇಟರನ್ನೂ ಚೆನ್ನಾಗಿ ತೋರಿಸುತ್ತದೆ. ಕರುಳು, ಗುಲ್ಮ, ಶ್ವಾಸಕೋಶದ ಪೊರೆ ಅದಕ್ಕೆ ಕಾಣುವುದಿಲ್ಲ, ಆಳವೂ ತಿಳಿಯುವುದಿಲ್ಲ.

ಆದ್ದರಿಂದ ಕೆಲಸವನ್ನು ಹೀಗೆ ಹಂಚಿ: ಎಲ್ಲಿಂದ ಚುಚ್ಚಬೇಕು ಎಂಬ ನಿರ್ಧಾರ ಸಿ.ಟಿ.ಯದು. ಚರ್ಮದಿಂದ ಕ್ಯಾಲಿಕ್ಸ್‌ವರೆಗಿನ ಪಯಣ ಅಲ್ಟ್ರಾಸೌಂಡ್‌ನದು. ಕ್ಯಾಲಿಕ್ಸ್ ಮುಟ್ಟಿದ ಮೇಲಿನ ವೈರು ಮತ್ತು ಡೈಲೇಟರ್ ಸಿ-ಆರ್ಮ್‌ನವು. ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಒಂದು ಯಂತ್ರಕ್ಕೆ ಇನ್ನೊಂದರ ಪ್ರಶ್ನೆ ಕೇಳಿದಾಗ.

ಸಿ.ಟಿ. ಬರೆದು ಕೊಡುವಾಗಲೇ ಹೇಳಬೇಕಾದ್ದು

ಬರೀ "ಸಿ.ಟಿ. ಕೆಯುಬಿ" ಎಂದು ಚೀಟಿ ಬರೆದರೆ 5 ಮಿ.ಮೀ. ಸ್ಲೈಸುಗಳ ಫಿಲ್ಮ್ ಕೈಗೆ ಬರುತ್ತದೆ. ಕಲ್ಲು ಇದೆಯೋ ಇಲ್ಲವೋ ತಿಳಿಯಲು ಅದು ಸಾಕು, ದಾರಿ ಯೋಜಿಸಲು ಸಾಲದು. ಚೀಟಿಯಲ್ಲಿ ಈ ಮೂರನ್ನೂ ಬರೆಯಿರಿ: ಕಾಂಟ್ರಾಸ್ಟ್ ಇಲ್ಲದ ಕಡಿಮೆ ಡೋಸ್ ಸ್ಕ್ಯಾನ್, 1ರಿಂದ 1.5 ಮಿ.ಮೀ. ಸ್ಲೈಸು, ಕೊರೋನಲ್ (ಎದುರಿನಿಂದ ಕಂಡ ಸೀಳು) ಮತ್ತು ಸ್ಯಾಜಿಟಲ್ (ಪಕ್ಕದಿಂದ ಕಂಡ ಸೀಳು) ಮರುಜೋಡಣೆಯೊಂದಿಗೆ. ಫಿಲ್ಮ್ ಅಲ್ಲ, ಡೈಕಾಮ್ ಫೈಲ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರ) ಇರುವ ಸಿ.ಡಿ. ಅಥವಾ ಪ್ಯಾಕ್ಸ್ (ಆಸ್ಪತ್ರೆಯ ಡಿಜಿಟಲ್ ಚಿತ್ರಸಂಗ್ರಹ) ಲಿಂಕ್. ತೀರಾ ದಪ್ಪ ದೇಹದವರಲ್ಲಿ ಕಡಿಮೆ ಡೋಸ್ ಚಿತ್ರ ಮಸುಕಾಗುತ್ತದೆ. ಅವರಿಗೆ ಸಾಮಾನ್ಯ ಡೋಸ್ ಬೇಕಾಗಬಹುದು.

ಫ್ಯೂಷನ್ ಯಂತ್ರ ಬಳಸುವ ಯೋಚನೆ ಇದ್ದರೆ, ಅಥವಾ ರೋಗಿ ತೀರಾ ತೆಳ್ಳಗಿದ್ದು ದೊಡ್ಡ ಕರುಳು ಕಿಡ್ನಿಯ ಹಿಂದೆ ಬರುವ ಸಂಶಯವಿದ್ದರೆ, ಆಪರೇಷನ್ನಿನ ಭಂಗಿಯಲ್ಲೇ ಸ್ಕ್ಯಾನ್ ಮಾಡಿಸಿ. ಬೋರಲು ಆಪರೇಷನ್ ಆದರೆ ಬೋರಲು ಸ್ಕ್ಯಾನ್, ಓಟಿಯಲ್ಲಿ ಬಳಸುವ ದಿಂಬುಗಳೊಂದಿಗೆ, ಉಸಿರು ಬಿಟ್ಟು ನಿಲ್ಲಿಸಿದ ಸ್ಥಿತಿಯಲ್ಲಿ. ಸ್ಕ್ಯಾನ್ ಕೋಣೆಯಲ್ಲಿ ರೂಢಿಯಿಂದ "ಉಸಿರು ಎಳೆದು ಹಿಡಿಯಿರಿ" ಎನ್ನುತ್ತಾರೆ. ಸೂಜಿ ಹಾಕುವುದು ಉಸಿರು ಬಿಟ್ಟ ಸ್ಥಿತಿಯಲ್ಲಿ. ಈ ಒಂದನ್ನು ಮೊದಲೇ ಹೊಂದಿಸಿಕೊಂಡರೆ ಆರಂಭದ ಕೆಲವು ಸೆಂ.ಮೀ. ತಪ್ಪು ಪುಕ್ಕಟೆಯಾಗಿ ನಿವಾರಣೆಯಾಗುತ್ತದೆ.

ಕಾಂಟ್ರಾಸ್ಟ್ ಸಿ.ಟಿ. ಎಲ್ಲರಿಗೂ ಬೇಡ. ಕುದುರೆಲಾಳದ ಕಿಡ್ನಿ, ತಿರುಚಿಕೊಂಡ ಕಿಡ್ನಿ, ಕ್ಯಾಲಿಕ್ಸ್‌ನ ಡೈವರ್ಟಿಕುಲಮ್ (ಪಕ್ಕಕ್ಕೆ ಉಬ್ಬಿದ ಚೀಲ), ಗೂನು ಬೆನ್ನು, ಹಿಂದೆ ತೆರೆದ ಆಪರೇಷನ್ ಆದವರು — ಇಂಥವರಿಗೆ ಬೇಕು. ಕೋಣೆಗಳೂ ಅವುಗಳ ಕತ್ತೂ ಕಾಣುವುದು ಕಾಂಟ್ರಾಸ್ಟ್ ಮೂತ್ರಕ್ಕೆ ಇಳಿದ ಮೇಲೆ, ಚುಚ್ಚಿದ ಸುಮಾರು 8ರಿಂದ 10 ನಿಮಿಷಕ್ಕೆ. ಕ್ರಿಯಾಟಿನಿನ್ ನೋಡದೆ ಕೊಡಬೇಡಿ. ಕಿಡ್ನಿ ಸೋಸುವ ಶಕ್ತಿಯ ಅಂದಾಜು, ಅಂದರೆ ಇಜಿಎಫ್‌ಆರ್, 30ಕ್ಕಿಂತ ಕೆಳಗಿದ್ದರೆ ನೆಫ್ರಾಲಜಿ ವೈದ್ಯರ ಜೊತೆ ಮಾತಾಡಿಯೇ ಮುಂದುವರಿಯಿರಿ.

ಸಿ.ಟಿ. ಓದುವ ಕ್ರಮ

ಒಂದು ಉದಾಹರಣೆ ಇಟ್ಟುಕೊಳ್ಳೋಣ: ಎಡ ಕಿಡ್ನಿ, ಕೆಳಗಿನ ಕ್ಯಾಲಿಕ್ಸ್‌ನಿಂದ ಪೆಲ್ವಿಸ್‌ಗೆ (ಕ್ಯಾಲಿಕ್ಸ್‌ಗಳೆಲ್ಲ ಸೇರುವ ನಡುಕೋಣೆಗೆ) ಚಾಚಿದ 24 ಮಿ.ಮೀ. ಕಲ್ಲು.

ಮೊದಲು ಬೋನ್ ವಿಂಡೋ (ಎಲುಬು ನೋಡಲು ಬಳಸುವ ತೆರೆಯ ಹೊಂದಿಕೆ) ಹಾಕಿ ಅಳೆಯಿರಿ. ಸಾಫ್ಟ್ ಟಿಶ್ಯೂ ವಿಂಡೋದಲ್ಲಿ ಕಲ್ಲಿನ ಅಂಚು ಉಬ್ಬಿ, ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆಮೇಲೆ ಕಲ್ಲಿನ ಸಾಂದ್ರತೆ ನೋಡಿ. ಸಿ.ಟಿ.ಯ ಸಾಂದ್ರತೆಯ ಅಳತೆಯಲ್ಲಿ 1000 ಹೌನ್ಸ್‌ಫೀಲ್ಡ್ ಯೂನಿಟ್ ದಾಟಿದ್ದರೆ ಕ್ಯಾಲ್ಸಿಯಂ ಆಕ್ಸಲೇಟ್‌ನ ಗಟ್ಟಿ ಕಲ್ಲು ಇರಬಹುದು. ಒಡೆಯಲು ಹೆಚ್ಚು ಸಮಯ ಇಟ್ಟುಕೊಳ್ಳಿ. 500ಕ್ಕಿಂತ ಕೆಳಗಿದ್ದು ಮೂತ್ರದ ಪಿಎಚ್ ಕೂಡ ಕಡಿಮೆ ಇದ್ದರೆ ಯೂರಿಕ್ ಆಸಿಡ್ ಕಲ್ಲಿನ ಶಂಕೆ ಪಡಬೇಕು. ಅದು ಸಾದಾ ಎಕ್ಸ್-ರೇಗೆ ಕಾಣುವುದಿಲ್ಲ, ಆದ್ದರಿಂದ ಸಿ-ಆರ್ಮ್ ಕೂಡ ಅದನ್ನು ತೋರಿಸುವುದಿಲ್ಲ. ಇನ್ನೂ ಮುಖ್ಯವೆಂದರೆ ಪೊಟ್ಯಾಸಿಯಂ ಸಿಟ್ರೇಟ್‌ನಂಥ ಔಷಧಿಯಿಂದ ಮೂತ್ರವನ್ನು ಕ್ಷಾರೀಯವಾಗಿಸಿದರೆ ಅದು ಕರಗಲೂಬಹುದು. ಕರಗುವ ಕಲ್ಲಿಗೆ ಬೆನ್ನು ಕೊರೆಯುವುದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿಲ್ಲ.

ಮುಂದಿನದು ಈ ಓದಿನ ತಿರುಳು: ಯಾವ ಕ್ಯಾಲಿಕ್ಸ್ ಹಿಂದಿನದು, ಯಾವುದು ಮುಂದಿನದು? ಕಿಡ್ನಿಯ ಮುಂಭಾಗದ ಮತ್ತು ಹಿಂಭಾಗದ ರಕ್ತನಾಳಗಳು ಸಂಧಿಸುವ, ದೊಡ್ಡ ನಾಳಗಳು ಕಡಿಮೆ ಇರುವ ಪಟ್ಟಿಗೆ ಬ್ರೋಡೆಲ್ ರೇಖೆ ಎನ್ನುತ್ತಾರೆ. ಹಿಂದಿನ ಕ್ಯಾಲಿಕ್ಸ್‌ನ ತುದಿಗೆ, ಕ್ಯಾಲಿಕ್ಸ್‌ಗೆ ಮೂತ್ರ ಸುರಿಸುವ ಪ್ಯಾಪಿಲ್ಲಾದ ನಡುವಿನಿಂದ ಹೊಕ್ಕರೆ ಸೂಜಿ ಈ ಪಟ್ಟಿಯಲ್ಲೇ ಹಾಯುತ್ತದೆ. ಕ್ಯಾಲಿಕ್ಸ್‌ನ ಕತ್ತಿಗೋ ನೇರ ಪೆಲ್ವಿಸ್‌ಗೋ ಚುಚ್ಚಿದರೆ ದೊಡ್ಡ ನಾಳ ಹರಿಯುವ ಅಪಾಯ ಏರುತ್ತದೆ. ಸಿ-ಆರ್ಮ್‌ನ ನೇರ ಚಿತ್ರದಲ್ಲಿ ಹಿಂದಿನ ಕ್ಯಾಲಿಕ್ಸ್ ಹೊರಬದಿಗೋ ಒಳಬದಿಗೋ ಎಂಬುದಕ್ಕೆ ಒಂದೇ ನಿಯಮವಿಲ್ಲ. ಬ್ರೋಡೆಲ್ ಮಾದರಿಯಲ್ಲಿ ಅವು ಹೊರಬದಿಗೆ ಕಾಣುತ್ತವೆ. ಬಲ ಕಿಡ್ನಿಗಳಲ್ಲಿ ಹೆಚ್ಚಾಗಿ ಇರುವುದು ಇದು. ಹಾಡ್ಸನ್ ಮಾದರಿಯಲ್ಲಿ ಒಳಬದಿಗೆ. ಎಡ ಕಿಡ್ನಿಗಳಲ್ಲಿ ಇದೇ ಹೆಚ್ಚು. ನಮ್ಮ ಉದಾಹರಣೆ ಎಡ ಕಿಡ್ನಿಯದಾದ್ದರಿಂದ, ಸಿ-ಆರ್ಮ್ ತೆರೆಯ ಮೇಲೆ ಹೊರತುದಿಯ ಕ್ಯಾಲಿಕ್ಸ್ ನೋಡಿ "ಇದೇ ಹಿಂದಿನದು" ಎಂದು ಹೊರಟರೆ ಮುಂದಿನದಕ್ಕೆ ಚುಚ್ಚುವ ಸಂಭವವೇ ಜಾಸ್ತಿ. ಆಕ್ಸಿಯಲ್, ಅಂದರೆ ಅಡ್ಡ ಸೀಳಿನ, ಸಿ.ಟಿ. ಈ ಸಂಶಯವನ್ನು ಒಂದೇ ನೋಟದಲ್ಲಿ ಬಗೆಹರಿಸುತ್ತದೆ.

ನಂತರ ಗುರಿಯ ಕ್ಯಾಲಿಕ್ಸ್ ಇರುವ ಆಕ್ಸಿಯಲ್ ಸ್ಲೈಸಿನಲ್ಲಿ ಚರ್ಮದಿಂದ ಕ್ಯಾಲಿಕ್ಸ್‌ಗೆ ಗೆರೆ ಎಳೆಯಿರಿ. ಆ ಗೆರೆಯ ಮೇಲೂ ಅದರ ಮೇಲೆ ಕೆಳಗಿನ ಕೆಲವು ಸ್ಲೈಸುಗಳಲ್ಲೂ ಕರುಳು, ಎಡಕ್ಕಾದರೆ ಗುಲ್ಮ, ಬಲಕ್ಕಾದರೆ ಲಿವರ್, ಮೇಲ್ಗಡೆ ಶ್ವಾಸಕೋಶದ ಅಂಚು ಬರುತ್ತವೆಯೇ ನೋಡಿ. ಕಿಡ್ನಿಯ ಹಿಂದಕ್ಕೆ ಸರಿದ ದೊಡ್ಡ ಕರುಳು ಕಾಣಸಿಗುವುದು ಎಡಗಡೆ, ಕೆಳಧ್ರುವದ ಬಳಿ, ತೆಳ್ಳಗಿನವರಲ್ಲಿ ಹೆಚ್ಚು. ಬೋರಲು ಮಲಗಿಸಿದಾಗ ಇನ್ನೂ ಹೆಚ್ಚು. ಅಂಗಾತದ ಸಿ.ಟಿ.ಯಲ್ಲಿ ಕರುಳು ಕಿಡ್ನಿಯ ಹೊರ ಅಂಚಿಗೆ ತಾಗಿಕೊಂಡಿದ್ದರೆ, ಬೋರಲಾದಾಗ ಹಿಂದಕ್ಕೆ ಬರಬಹುದು ಎಂದೇ ಲೆಕ್ಕ ಹಾಕಿ. ಹಿಂಬಗಲಿನ ರೇಖೆಗಿಂತ ಹೊರಗಡೆಯಿಂದ ಚುಚ್ಚುವ ಯೋಜನೆ ಮಾಡಲೇಬೇಡಿ.

ಕೊರೋನಲ್ ಚಿತ್ರದಲ್ಲಿ ಪಕ್ಕೆಲುಬು ಎಣಿಸಿ. 12ನೇ ಪಕ್ಕೆಲುಬಿನ ಕೆಳಗಿನಿಂದ ಕೋನ ಸಿಕ್ಕರೆ ಅದೇ ಲೇಸು. ಮೇಲಿನ ಕ್ಯಾಲಿಕ್ಸ್ ಬೆನ್ನಿಗೆ ಹತ್ತಿರ ಇರುವುದು ನಿಜ, ಅಲ್ಲಿಂದ ಇಡೀ ಕಿಡ್ನಿಗೆ ನೇರ ದಾರಿ ಸಿಗುವುದೂ ನಿಜ. ಆದರೆ ಆ ದಾರಿ ಸಾಮಾನ್ಯವಾಗಿ ಪಕ್ಕೆಲುಬಿನ ಮೇಲಿನಿಂದ ಹೋಗುತ್ತದೆ, ಶ್ವಾಸಕೋಶದ ಪೊರೆ ಅಲ್ಲೇ ಇರುತ್ತದೆ. 11ರ ಮೇಲಿನಿಂದ ಹೋದರೆ ಅಪಾಯ ಇನ್ನೂ ಹೆಚ್ಚು. ಮೇಲಿನಿಂದಲೇ ಹೋಗಬೇಕಾದರೆ ಉಸಿರು ಪೂರ್ತಿ ಬಿಟ್ಟಾಗ, ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ಒತ್ತಿಕೊಂಡು ಹೋಗಿ. ಪ್ರತಿ ಪಕ್ಕೆಲುಬಿನ ಕೆಳಂಚಿನಲ್ಲಿ ರಕ್ತನಾಳ ಹಾದುಹೋಗುತ್ತದೆ.

ಹಲಗೆಯ ಮೇಲೆ ಬರೆಯುವುದು

ಫ್ಯೂಷನ್ ಯಂತ್ರವಿಲ್ಲದ ಓಟಿಯಲ್ಲಿ ಜೋಡಣೆ ನಡೆಯುವುದು ಮಂಡೆಯೊಳಗೆ. ಮಂಡೆಗೆ ಆಸರೆಯಾಗಿ ಬಿಳಿ ಹಲಗೆ ಬೇಕು. ಅದರ ಮೇಲೆ ಬೇಕಾದ್ದು: ಯಾವ ಬದಿ, ಗುರಿಯ ಕ್ಯಾಲಿಕ್ಸ್, ಬೆನ್ನುಮೂಳೆಯ ನಡುರೇಖೆಯಿಂದ ಚುಚ್ಚುವ ಬಿಂದುವಿಗೆ ದೂರ, ಚರ್ಮದಿಂದ ಕ್ಯಾಲಿಕ್ಸ್‌ಗೆ ಆಳ, ಕೋನ, ಪಕ್ಕೆಲುಬಿನ ಮೇಲೋ ಕೆಳಗೋ, ಹತ್ತಿರದ ಅಪಾಯದ ಅಂಗ. ನಮ್ಮ ಉದಾಹರಣೆಗೆ ಹೀಗಿರಬಹುದು: "ಎಡ, ಕೆಳ ಹಿಂದಿನ ಕ್ಯಾಲಿಕ್ಸ್, ನಡುರೇಖೆಯಿಂದ 9 ಸೆಂ.ಮೀ., ಆಳ 8.5 ಸೆಂ.ಮೀ., 12ರ ಕೆಳಗೆ, ಕರುಳು 2 ಸೆಂ.ಮೀ. ಹೊರಕ್ಕೆ." ಜೊತೆಗೆ ಕಿಡ್ನಿಯ ಒಂದು ಗೀಚುಚಿತ್ರ, ಅದರಲ್ಲಿ ಪ್ರತಿ ಕ್ಯಾಲಿಕ್ಸ್ ಮತ್ತು ಪ್ರತಿ ಕಲ್ಲು. ಈ ಚಿತ್ರ ಆಪರೇಷನ್ನಿನ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಅಂಗಾತದ ಸಿ.ಟಿ.ಯಲ್ಲಿ ಅಳೆದ ಆಳವನ್ನು ಬೋರಲು ಭಂಗಿಗೆ ಹಾಗೆಯೇ ನಂಬಬೇಡಿ. ದಿಂಬು ಒತ್ತುವುದರಿಂದಲೂ ಕಿಡ್ನಿ ಸರಿಯುವುದರಿಂದಲೂ ಒಂದೆರಡು ಸೆಂ.ಮೀ. ವ್ಯತ್ಯಾಸ ಬರಬಹುದು. ಹಲಗೆಯ ಅಂಕಿ ಅಂದಾಜಿಗೆ. ಅಂತಿಮ ಆಳವನ್ನು ಓಟಿಯಲ್ಲಿ ಅಲ್ಟ್ರಾಸೌಂಡ್‌ನಲ್ಲೇ ಅಳೆಯಬೇಕು.

ಮೂತ್ರದ ಕಲ್ಚರ್ ಬಾರದೆ ರೋಗಿಯನ್ನು ಮೇಜಿಗೆ ಏರಿಸಬಾರದು. ಬ್ಯಾಕ್ಟೀರಿಯಾ ಬೆಳೆದಿದ್ದರೆ ಅದಕ್ಕೆ ತಕ್ಕ ಆಂಟಿಬಯಾಟಿಕ್ ಕೊಟ್ಟ ಮೇಲೆಯೇ ಆಪರೇಷನ್. ರಕ್ತ ತೆಳುಮಾಡುವ ಮಾತ್ರೆಗಳನ್ನು ನಿಲ್ಲಿಸುವುದು ಹೃದ್ರೋಗ ವೈದ್ಯರನ್ನು ಕೇಳಿಯೇ ಆಗಬೇಕು. ರೋಗಿ ತಾವಾಗಿ ನಿಲ್ಲಿಸುವುದಲ್ಲ.

ಓಟಿಯ ಜೋಡಣೆ

ಶಸ್ತ್ರವೈದ್ಯರು ಕಲ್ಲಿರುವ ಬದಿಗೆ, ಸಿ-ಆರ್ಮ್ ಎದುರು ಬದಿಯಿಂದ. ಅಲ್ಟ್ರಾಸೌಂಡ್ ಮತ್ತು ಸಿ-ಆರ್ಮ್ ತೆರೆಗಳು ಅಕ್ಕಪಕ್ಕದಲ್ಲಿ, ಸಾಧ್ಯವಾದರೆ ಮೂರನೆಯದರಲ್ಲಿ ಸಿ.ಟಿ.ಯ ಗುರಿಯ ಸ್ಲೈಸು ತೆರೆದಿಟ್ಟಿರಲಿ. ಒಂದು ತೆರೆ ಎಡಕ್ಕೆ, ಇನ್ನೊಂದು ಬೆನ್ನ ಹಿಂದೆ ಇದ್ದರೆ ಕತ್ತು ತಿರುಗಿದಾಗಲೆಲ್ಲ ಸೂಜಿಯ ಕೈಯೂ ತಿರುಗುತ್ತದೆ. ಮೇಜು ಎಕ್ಸ್-ರೇ ಹಾಯುವಂಥದ್ದೇ, ಕಿಡ್ನಿಯ ನೇರಕ್ಕೆ ಲೋಹದ ಪಟ್ಟಿ ಬರುತ್ತದೆಯೇ ಎಂದು ರೋಗಿ ಮಲಗುವ ಮುಂಚೆ ನೋಡಿ.

ಭಾರತದಲ್ಲಿ ಓಟಿಯ ಅಲ್ಟ್ರಾಸೌಂಡ್ ಯಂತ್ರವೂ 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯಡಿ ನೋಂದಣಿಯಾಗಿರಬೇಕು. "ಕಿಡ್ನಿಗಷ್ಟೇ ಬಳಸುತ್ತೇವೆ" ಎಂಬ ಸಮಜಾಯಿಷಿ ನಡೆಯುವುದಿಲ್ಲ. ಪಕ್ಕದ ಆಸ್ಪತ್ರೆಯ ಯಂತ್ರವನ್ನು ಒಂದು ದಿನಕ್ಕೆ ತರಿಸಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಅನಸ್ತೇಷಿಯಾ ಆದ ಮೇಲೆ, ರೋಗಿಯನ್ನು ಬೋರಲು ತಿರುಗಿಸುವ ಮುಂಚೆ, ಸಿಸ್ಟೋಸ್ಕೋಪ್ ಮೂಲಕ 5 ಅಥವಾ 6 ಫ್ರೆಂಚ್‌ನ (3 ಫ್ರೆಂಚ್ ಅಂದರೆ 1 ಮಿ.ಮೀ.) ಯುರೆಟರ್ ಕ್ಯಾಥೆಟರ್, ಅಂದರೆ ಕಿಡ್ನಿಗೂ ಮೂತ್ರಕೋಶಕ್ಕೂ ನಡುವಿನ ನಾಳಕ್ಕೆ ನಳಿಕೆ, ಹಾಕಿ ಕಿಡ್ನಿಯವರೆಗೆ ಏರಿಸಿ. ಅದನ್ನು ಮೂತ್ರಕೋಶದ ನಳಿಕೆಯಾದ ಫೋಲಿಗೆ ಕಟ್ಟಿ. ತಿರುಗಿಸುವಾಗ ಇದು ಜಾರಿ ಬರುವುದು ಮಾಮೂಲಿ. ಬೋರಲಾದ ಮೇಲೆ ಸಿ-ಆರ್ಮ್‌ನಲ್ಲಿ ಒಂದು ಕ್ಷಣ ನೋಡಿ ಖಚಿತಪಡಿಸಿಕೊಳ್ಳಿ. ಕೆಲವು ಕಡೆ ಅಂಗಾತ ಭಂಗಿಯಲ್ಲೇ, ಸೊಂಟದ ಅಡಿ ದಿಂಬಿಟ್ಟು ಪಿಸಿಎನ್‌ಎಲ್ ಮಾಡುತ್ತಾರೆ. ಅನಸ್ತೇಷಿಯಾ ಸಲೀಸು, ಸಿ.ಟಿ.ಯ ಭಂಗಿಗೂ ಹತ್ತಿರ. ಆದರೆ ಮೇಲಿನ ಕ್ಯಾಲಿಕ್ಸ್ ಮುಟ್ಟುವುದು ಕಷ್ಟ, ಸೂಜಿ ತಾಗಿದಾಗ ಕಿಡ್ನಿ ಹೆಚ್ಚು ಜಾರುತ್ತದೆ.

ಫ್ಯೂಷನ್ ಯಂತ್ರವಿದ್ದರೆ

ಅಲ್ಟ್ರಾಸೌಂಡ್ ಪ್ರೋಬ್‌ಗೆ ಸಣ್ಣ ಸೆನ್ಸರ್ ಸಿಕ್ಕಿಸಿ, ಪಕ್ಕದಲ್ಲಿ ಕಾಂತಕ್ಷೇತ್ರ ಹೊರಡಿಸುವ ಪೆಟ್ಟಿಗೆ ಇಟ್ಟರೆ, ಪ್ರೋಬ್ ಎತ್ತ ತಿರುಗಿದರೂ ಸಿ.ಟಿ.ಯ ಅದೇ ಸೀಳು ತೆರೆಯ ಇನ್ನೊಂದು ಅರ್ಧದಲ್ಲಿ ಓಡುತ್ತದೆ. ಲಿವರ್ ಬಯಾಪ್ಸಿಗೂ ಗೆಡ್ಡೆ ಸುಡುವುದಕ್ಕೂ ಬಳಸುವ ವ್ಯವಸ್ಥೆಯೇ ಇದು. ಕಿಡ್ನಿಗೆ ಬಳಸುವಾಗ ಗಮನವಿಡಬೇಕಾದ ಹೆಜ್ಜೆಗಳು:

1. ಡೈಕಾಮ್ ಫೈಲನ್ನು ಹಿಂದಿನ ದಿನವೇ ಯಂತ್ರಕ್ಕೆ ಏರಿಸಿ, ತೆರೆದು ನೋಡಿ. ಆಪರೇಷನ್ ದಿನ ಬೆಳಿಗ್ಗೆ ಸಿ.ಡಿ. ಓದದಿದ್ದರೆ ಯೋಜನೆಯೇ ತಲೆಕೆಳಗು.

2. ಕಾಂತಕ್ಷೇತ್ರದ ಪೆಟ್ಟಿಗೆ ಗುರಿಯ ಹತ್ತಿರ ಇರಲಿ, ಲೋಹದಿಂದ ದೂರ ಇರಲಿ. ಸಿ-ಆರ್ಮ್ ಒಳಬಂದೊಡನೆ ಕ್ಷೇತ್ರ ಸೊಟ್ಟಗಾಗುತ್ತದೆ. ಆದ್ದರಿಂದ ಫ್ಯೂಷನ್ ಕೆಲಸ ಮುಗಿಯುವವರೆಗೆ ಅದು ಹೊರಗೆ.

3. ಉಸಿರು ಬಿಟ್ಟ ಸ್ಥಿತಿಯಲ್ಲಿ ವೆಂಟಿಲೇಟರ್ ನಿಲ್ಲಿಸಿಸಿ. ಮೊದಲು ಒಂದು ಅಡ್ಡ ಸೀಳನ್ನು ಸಿ.ಟಿ.ಯ ಅದೇ ಸೀಳಿಗೆ ಹೊಂದಿಸಿ, ಆಮೇಲೆ ಕನಿಷ್ಠ ಮೂರು ಬಿಂದುಗಳನ್ನು ಜೋಡಿಸಿ. ಮೂರೂ ಒಂದೇ ಗೆರೆಯಲ್ಲಿ ಇರಬಾರದು.

4. ಬಿಂದುಗಳು ಕಿಡ್ನಿಯ ಮೇಲೆಯೇ ಇರಬೇಕು: ಕಲ್ಲಿನ ತುದಿ, ಕೆಳಧ್ರುವ, ಒಂದು ಸಿಸ್ಟ್, ರಕ್ತನಾಳ ಹೊಕ್ಕುವ ಜಾಗ. ಪಕ್ಕೆಲುಬು ಸುಲಭವಾಗಿ ಸಿಗುತ್ತದೆಂದು ಅದನ್ನು ಆರಿಸಿದರೆ ಯಂತ್ರ ತಪ್ಪು ಕಡಿಮೆ ಇದೆ ಎಂದು ಖುಷಿಯಿಂದ ಹೇಳುತ್ತದೆ. ಎಲುಬು ಉಸಿರಿನೊಡನೆ ಕಿಡ್ನಿಯಷ್ಟು ಸರಿಯುವುದಿಲ್ಲ, ಆ ಅಂಕಿ ಎಲುಬಿನ ಬಗ್ಗೆ ಮಾತ್ರ ನಿಜ.

5. ಜೋಡಣೆಗೆ ಬಳಸದ ಇನ್ನೊಂದು ಬಿಂದುವಿನಲ್ಲಿ ತಪಾಸಣೆ ಮಾಡಿ. ಸಿ.ಟಿ.ಯ ಕಲ್ಲು ಅಲ್ಟ್ರಾಸೌಂಡ್‌ನ ಕಲ್ಲಿನ ಮೇಲೆ 5 ಮಿ.ಮೀ. ಒಳಗೆ ಕೂರದಿದ್ದರೆ ಮತ್ತೆ ಮಾಡಿ. ಎರಡನೇ ಸಲವೂ ಆಗದಿದ್ದರೆ ಫ್ಯೂಷನ್ ಬಿಟ್ಟು ಹಲಗೆಗೆ ಮರಳಿ.

ದಿಂಬು ಸರಿಸಿದರೆ, ಮೇಜು ಓರೆ ಮಾಡಿದರೆ, ರೋಗಿ ಅಲುಗಿದರೆ ಜೋಡಣೆ ಮುಗಿಯಿತು; ಮರಳಿ ಮಾಡಬೇಕು. ಸೂಜಿ ಕಿಡ್ನಿಗೆ ತಾಗಿ ಅದನ್ನು ತಳ್ಳುವ ಕ್ಷಣದಲ್ಲಿ ಸಿ.ಟಿ. ಚಿತ್ರ ಹಳೆಯದಾಗಿಬಿಡುತ್ತದೆ. ಎರಡು ತೆರೆಗಳ ನಡುವೆ ಜಗಳ ಬಂದರೆ ಪ್ರತಿ ಸಲವೂ ಜೀವಂತ ಅಲ್ಟ್ರಾಸೌಂಡ್ ಹೇಳಿದ್ದೇ ಸರಿ. ನಮ್ಮ ಅಭಿಪ್ರಾಯದಲ್ಲಿ ಈ ಯಂತ್ರದ ಬೆಲೆ ಸಾರ್ಥಕವಾಗುವುದು ಕುದುರೆಲಾಳ, ಡೈವರ್ಟಿಕುಲಮ್, ಗೂನು ಬೆನ್ನಿನಂಥ ಕಡೆ. ಸಾದಾ ಕೆಳ ಕ್ಯಾಲಿಕ್ಸ್‌ಗೆ ಇದನ್ನು ಹೂಡಿ ಕುಳಿತರೆ ಹೋಗುವುದು ಸಮಯ ಅಷ್ಟೇ.

ಇದಕ್ಕಿಂತ ಸರಳವಾದ ಪ್ರಯತ್ನವೂ ನಡೆದಿದೆ. ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ರಾಸ್‌ವೈಲರ್ ತಂಡ ಚರ್ಮದ ಮೇಲೆ ಗುರುತು ಅಂಟಿಸಿ, ಬೋರಲು ಸಿ.ಟಿ. ತೆಗೆದು, ಐಪ್ಯಾಡ್ ಕ್ಯಾಮೆರಾದ ಚಿತ್ರದ ಮೇಲೆ ಕಿಡ್ನಿಯನ್ನು ಮೂಡಿಸಿ ಸೂಜಿ ಹಾಕಿದ್ದನ್ನು 2012ರಲ್ಲಿ ಪ್ರಕಟಿಸಿತು. ಅಲ್ಲಿಯೂ ಭಂಗಿ ಮತ್ತು ಉಸಿರು ಸಿ.ಟಿ.ಗೆ ಹೊಂದಿದರಷ್ಟೇ ಗುರುತುಗಳಿಗೆ ಬೆಲೆ.

ಸೂಜಿ

2ರಿಂದ 5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬ್, ಸ್ಟೆರೈಲ್ ಕವರ್, ಆಳ 12ರಿಂದ 15 ಸೆಂ.ಮೀ. ಸೂಜಿ ಹಿಡಿಯುವ ಮುಂಚೆ ಬರೀ ಪ್ರೋಬ್‌ನಿಂದ ಕಿಡ್ನಿಯ ಉದ್ದಕ್ಕೂ ಅಡ್ಡಕ್ಕೂ ನೋಡಿ, ಹಲಗೆಯ ಗೀಚುಚಿತ್ರದ ಕ್ಯಾಲಿಕ್ಸ್ ಇದೇ ಎಂದು ಕಲ್ಲಿನ ನೆರಳಿನಿಂದ ಗುರುತಿಸಿ. ಬೋರಲು ಮಲಗಿದವರಲ್ಲಿ ಪ್ರೋಬ್‌ಗೆ ಹತ್ತಿರ ಕಾಣುವುದು ಹಿಂದಿನ ಕ್ಯಾಲಿಕ್ಸ್. ಇದು ಸಿ.ಟಿ.ಯ ಉತ್ತರಕ್ಕೆ ತಾಳೆಯಾಗಬೇಕು. ಆಗದಿದ್ದರೆ ನಿಂತು ಯೋಚಿಸಿ, ಚುಚ್ಚಿ ನೋಡುವುದಲ್ಲ.

ಊದಿಕೊಳ್ಳದ ಕಿಡ್ನಿಯಲ್ಲಿ ಕ್ಯಾಲಿಕ್ಸ್ ಮುಚ್ಚಿಕೊಂಡಿರುತ್ತದೆ. ಯುರೆಟರ್ ಕ್ಯಾಥೆಟರ್‌ನಿಂದ ಸಲೈನ್ ನಿಧಾನವಾಗಿ, 10ರಿಂದ 20 ಮಿ.ಲೀ., ಬಿಟ್ಟರೆ ಅರಳುತ್ತದೆ. ಸಲೈನ್‌ಗೆ ಕೊಂಚ ಮಿಥಿಲೀನ್ ಬ್ಲೂ ಸೇರಿಸಿದರೆ ಸೂಜಿ ಮುಟ್ಟಿದ್ದು ಬಣ್ಣದಿಂದಲೇ ತಿಳಿಯುತ್ತದೆ. ಜೋರಾಗಿ ಒತ್ತಬೇಡಿ, ಒಳಗೆ ಸೋಂಕಿದ್ದರೆ ಒತ್ತಡ ಅದನ್ನು ರಕ್ತಕ್ಕೆ ತಳ್ಳುತ್ತದೆ.

ಡಾಪ್ಲರ್ ಹಾಕಿ ದಾರಿಯಲ್ಲಿ ನಾಳವಿದ್ದರೆ ಕೋನ ಬದಲಿಸಿ. ಅನಸ್ತೇಷಿಯಾ ವೈದ್ಯರಿಗೆ ಹೇಳಿ ಉಸಿರು ಬಿಟ್ಟ ಸ್ಥಿತಿಯಲ್ಲಿ ವೆಂಟಿಲೇಟರ್ ನಿಲ್ಲಿಸಿಸಿ. ಒಂದು ಸಲಕ್ಕೆ 15ರಿಂದ 20 ಸೆಕೆಂಡು ಸಾಕು. 18 ಗೇಜ್ ಸೂಜಿಯನ್ನು ಪ್ರೋಬ್‌ನ ಸಮತಲದಲ್ಲೇ ಇಳಿಸಿ. ತೆರೆಯಲ್ಲಿ ಹುಡುಕಬೇಕಾದದ್ದು ಸೂಜಿಯ ಮೈಯನ್ನಲ್ಲ, ತುದಿಯನ್ನು. ತುದಿ ಕಾಣದಿದ್ದರೆ ಮುಂದೆ ನೂಕಬೇಡಿ. ಸ್ವಲ್ಪ ಅಲುಗಿಸಿ, ಪ್ರೋಬನ್ನು ಕೂದಲೆಳೆಯಷ್ಟು ವಾಲಿಸಿ, ಅದು ಮೂಡುತ್ತದೆ. ಕಿಡ್ನಿಯ ಕವಚ ದಾಟುವಾಗ ಒಂದು ತಡೆ, ಕ್ಯಾಲಿಕ್ಸ್ ಹೊಕ್ಕಾಗ ಇನ್ನೊಂದು ತಡೆ ಕೈಗೆ ಗೊತ್ತಾಗುತ್ತದೆ. ಚರ್ಮದಿಂದ ಇಲ್ಲಿಯವರೆಗಿನ ಆಳವನ್ನು ತೆರೆಯ ಮೇಲೆ ಅಳೆದು ಹಲಗೆಗೆ ಬರೆಸಿ.

ಒಳಸೂಜಿ ತೆಗೆದಾಗ ಮೂತ್ರವೋ ನೀಲಿ ಸಲೈನೋ ಬಂದರೆ ಸರಿ. ಕೀವು ಬಂದರೆ ಆಪರೇಷನ್ ಅಲ್ಲಿಗೇ ನಿಲ್ಲಬೇಕು: ಕಿಡ್ನಿಯ ಮೂತ್ರವನ್ನು ಬೆನ್ನಿನಿಂದ ಹೊರಹರಿಸುವ ನೆಫ್ರೋಸ್ಟೊಮಿ ನಳಿಕೆ ಹಾಕಿ, ಕಲ್ಚರ್‌ಗೆ ಕಳಿಸಿ, ಕೆಲವು ದಿನಗಳ ನಂತರ ಮತ್ತೆ ಬನ್ನಿ. "ಇಷ್ಟು ದೂರ ಬಂದಾಗಿದೆ, ಕಲ್ಲು ತೆಗೆದೇ ಬಿಡೋಣ" ಎಂದವರು ರಾತ್ರಿಯನ್ನು ಐಸಿಯುನಲ್ಲಿ ಕಳೆಯಬೇಕಾಗುತ್ತದೆ. ಕೀವು ಬಾರದಿದ್ದರೂ ಈ ಮೊದಲ ಮೂತ್ರವನ್ನು ಕಲ್ಚರ್‌ಗೆ ಕಳಿಸಿ. ಕಲ್ಲಿನ ಹಿಂದಿನ ಸೋಂಕು ಮೂತ್ರಕೋಶದ ಮೂತ್ರದಲ್ಲಿ ಕಾಣದೆ ಇರಬಹುದು.

ಏನೂ ಬಾರದಿದ್ದರೆ ಸೂಜಿಯಿಂದ ಕಾಂಟ್ರಾಸ್ಟ್ ಬಿಡುವ ಆತುರ ಬೇಡ. ಹೊರಗೆ ಸೋರಿದ ಕಾಂಟ್ರಾಸ್ಟ್ ಸಿ-ಆರ್ಮ್ ತೆರೆಯ ಮೇಲೆ ಕಪ್ಪು ಮೋಡವಾಗಿ ನಿಂತರೆ ಮುಂದಿನ ಕೆಲಸವೆಲ್ಲ ಕುರುಡು. ಮೊದಲು ಸಿರಿಂಜ್‌ನಿಂದ ಎಳೆದು ನೋಡಿ, ಸೂಜಿ ತಿರುಗಿಸಿ, ತುದಿಯನ್ನು ಅಲ್ಟ್ರಾಸೌಂಡ್‌ನಲ್ಲಿ ಮತ್ತೆ ಹಿಡಿಯಿರಿ.

ಅಲ್ಟ್ರಾಸೌಂಡ್‌ನಲ್ಲಿ ದಾರಿ ಸಿಗದಿದ್ದರೆ, ಪಕ್ಕೆಲುಬಿನ ನೆರಳೋ ಬೊಜ್ಜೋ ಅಡ್ಡಿಯಾದರೆ, ಸಿ-ಆರ್ಮ್‌ನಿಂದಲೇ ಚುಚ್ಚಬಹುದು. ಕಾಂಟ್ರಾಸ್ಟ್ ಭಾರ, ಮುಂದಿನ ಕ್ಯಾಲಿಕ್ಸ್‌ಗೆ ಇಳಿಯುತ್ತದೆ. ಗಾಳಿ ಹಗುರ, ಬೋರಲು ಮಲಗಿದವರಲ್ಲಿ ಹಿಂದಿನ ಕ್ಯಾಲಿಕ್ಸ್‌ಗೆ ಏರುತ್ತದೆ. ಹಿಂದಿನದನ್ನು ಗುರುತಿಸಲು ಗಾಳಿಯ ಉಪಯೋಗ ಇದೇ. ಆದರೆ 5ರಿಂದ 10 ಮಿ.ಲೀ. ದಾಟಬೇಡಿ, ಆ ಹೊತ್ತಿನಲ್ಲಿ ಮಾನಿಟರ್‌ನ ಎಂಡ್-ಟೈಡಲ್ (ಉಸಿರು ಬಿಟ್ಟ ಕೊನೆಯಲ್ಲಿ ಅಳೆಯುವ) ಕಾರ್ಬನ್ ಡೈಆಕ್ಸೈಡ್ ಮೇಲೆ ಒಬ್ಬರ ಕಣ್ಣಿರಲಿ. ಅದು ಥಟ್ಟನೆ ಬಿದ್ದರೆ ಗಾಳಿ ರಕ್ತಕ್ಕೆ ಹೊಕ್ಕಿರಬಹುದು. ಸಿ-ಆರ್ಮನ್ನು ಶಸ್ತ್ರವೈದ್ಯರ ಕಡೆಗೆ 25ರಿಂದ 30 ಡಿಗ್ರಿ ವಾಲಿಸಿದರೆ ಹಿಂದಿನ ಕ್ಯಾಲಿಕ್ಸ್ ನೇರ ಎದುರಾಗುತ್ತದೆ. ಸೂಜಿಯ ತುದಿ, ಮೈ, ಹಿಡಿ ಮೂರೂ ಒಂದೇ ಚುಕ್ಕಿಯಾಗಿ ಕಂಡರೆ ದಿಕ್ಕು ಸರಿ. ಆಳ ತಿಳಿಯಲು ಮತ್ತೆ ನೇರಕ್ಕೆ ತಿರುಗಿಸಬೇಕು.

ವೈರು ಮತ್ತು ದಾರಿ ಹಿಗ್ಗಿಸುವುದು

ಇಲ್ಲಿಂದ ಸಿ-ಆರ್ಮ್. 0.035 ಇಂಚಿನ ಜಾರುವ ಗೈಡ್‌ವೈರನ್ನು ಯುರೆಟರ್‌ಗೆ ಇಳಿಸಲು ನೋಡಿ. ಆಗದಿದ್ದರೆ ಪೆಲ್ವಿಸ್‌ನಲ್ಲೋ ಮೇಲಿನ ಕ್ಯಾಲಿಕ್ಸ್‌ನಲ್ಲೋ ಸುರುಳಿ ಸುತ್ತಲಿ. ಜಾರುವ ವೈರು ಹೊರಗೂ ಅಷ್ಟೇ ಸುಲಭವಾಗಿ ಜಾರುತ್ತದೆ. ಅದರ ಮೇಲೆ ಸಣ್ಣ ಕ್ಯಾಥೆಟರ್ ಏರಿಸಿ ಗಟ್ಟಿ ವೈರಿಗೆ ಬದಲಿಸಿ, ಪಕ್ಕದಲ್ಲಿ ಇನ್ನೊಂದು ಸುರಕ್ಷಾ ವೈರು ಇಡಿ. ದಾರಿ ತಪ್ಪಿದಾಗ ಎರಡನೇ ವೈರಿನ ಬೆಲೆ ಗೊತ್ತಾಗುತ್ತದೆ.

ಡೈಲೇಟರ್‌ಗೆ, ಅಲ್ಟ್ರಾಸೌಂಡ್‌ನಲ್ಲಿ ಅಳೆದ ಆಳಕ್ಕೆ ಸರಿಯಾಗಿ, ಗುರುತು ಹಾಕಿಕೊಳ್ಳಿ. ಸಾಮಾನ್ಯ ಪಿಸಿಎನ್‌ಎಲ್‌ನ ದಾರಿ 24ರಿಂದ 30 ಫ್ರೆಂಚ್, ಅದರ ಸಣ್ಣ ರೂಪವಾದ ಮಿನಿ-ಪರ್ಕ್‌ನದು ಸುಮಾರು 14ರಿಂದ 20. ನಮ್ಮ 24 ಮಿ.ಮೀ. ಕಲ್ಲಿಗೆ ಎರಡೂ ನಡೆಯುತ್ತದೆ. ದಾರಿ ಸಣ್ಣದಾದಷ್ಟೂ ರಕ್ತಸ್ರಾವ ಕಡಿಮೆ, ಸಮಯ ಹೆಚ್ಚು, ನೀರಿನ ಒತ್ತಡದ ಮೇಲೆ ಎಚ್ಚರವೂ ಹೆಚ್ಚು ಬೇಕು.

ಎಡವುವುದು ಎರಡು ಕಡೆ. ಡೈಲೇಟರ್ ಹೆಚ್ಚು ಒಳಗೆ ಹೋದರೆ ಪೆಲ್ವಿಸ್‌ನ ಎದುರು ಗೋಡೆ ತೂತಾಗುತ್ತದೆ. ಕಡಿಮೆ ಹೋದರೆ ದಾರಿ ತೆರೆದಿಡುವ ಕೊಳವೆ, ಅಂದರೆ ಷೀತ್, ಕಿಡ್ನಿಯ ಮಾಂಸದಲ್ಲೇ ನಿಂತು, ಕಿಡ್ನಿಯೊಳಗೆ ನೋಡುವ ನೆಫ್ರೋಸ್ಕೋಪ್‌ನಲ್ಲಿ ಕೆಂಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಎರಡಕ್ಕೂ ಮದ್ದು ಒಂದೇ: ಗುರುತಿನ ಆಳಕ್ಕೆ ಬಂದಾಗ ನಿಂತು ಸಿ-ಆರ್ಮ್ ನೋಡುವುದು. ವೈರು ಬೆನ್ನಿನ ಸ್ನಾಯುವಿನಲ್ಲಿ ಮಡಚಿಕೊಂಡರೆ ಡೈಲೇಟರ್ ಕಿಡ್ನಿ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಸುಳ್ಳು ದಾರಿ ಆಗುವುದು ಹೆಚ್ಚಾಗಿ ಹೀಗೆಯೇ. ಮಡಚಿದ ಕೂಡಲೇ ಹಿಂದೆ ಎಳೆದು, ವೈರು ಬಿಗಿಮಾಡಿ, ಬೇಕಾದರೆ ಹೊಸದು ಹಾಕಿ. ಬಲ ಹಾಕಿ ಗೆದ್ದವರಿಲ್ಲ.

ದಾರಿಯಿಂದ ರಕ್ತ ಜೋರಾಗಿ ಬಂದು ನೋಟ ಹೋದರೆ ಷೀತ್ ಸ್ವಲ್ಪ ಮುಂದೆ ಮಾಡಿ ನೋಡಿ. ಅಭಿಧಮನಿಯ ರಕ್ತವಾದರೆ ಒತ್ತಡಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ನೆಫ್ರೋಸ್ಟೊಮಿ ನಳಿಕೆ ಹಾಕಿ, ಕ್ಲಾಂಪ್ ಮಾಡಿ, ಆಪರೇಷನ್ ಮುಂದೂಡಿ. ಅದಕ್ಕೂ ಬಗ್ಗದಿದ್ದರೆ ಆಂಜಿಯೋಗ್ರಫಿ ಮಾಡಿಸಿ ನಾಳ ಮುಚ್ಚಿಸಬೇಕು.

ಕಲ್ಲು ಒಡೆದು, ಲೆಕ್ಕ ಒಪ್ಪಿಸುವುದು

ಒಡೆಯುವ ಕೆಲಸ ನ್ಯೂಮ್ಯಾಟಿಕ್, ಅಲ್ಟ್ರಾಸೋನಿಕ್ ಅಥವಾ ಲೇಸರ್‌ನದು. ಅದು ಬೇರೆಯದೇ ವಿಷಯ. ಇಲ್ಲಿ ಬೇಕಾದ್ದು ಎರಡು ಮಾತು. ನೀರು ಅಂದರೆ ದೇಹದ ಬಿಸಿಗೆ ತಂದ ನಾರ್ಮಲ್ ಸಲೈನ್. ಪೆಲ್ವಿಸ್ ಒಳಗಿನ ಒತ್ತಡ ಪಾದರಸದ 30 ಮಿ.ಮೀ. ಮೀರದಂತೆ ಬ್ಯಾಗಿನ ಎತ್ತರ ಇಡಿ. ಅದನ್ನು ಮೀರಿದರೆ ನೀರೂ ಬ್ಯಾಕ್ಟೀರಿಯಾವೂ ರಕ್ತಕ್ಕೆ ಹಿಮ್ಮುಖವಾಗಿ ಹೋಗುತ್ತವೆ.

"ಕಲ್ಲು ಪೂರ್ತಿ ಹೋಯಿತು" ಎಂದು ಒಂದೇ ಚಿತ್ರ ನೋಡಿ ಹೇಳಬೇಡಿ. ಸಿ-ಆರ್ಮ್‌ಗೆ ತೀರಾ ಸಣ್ಣ ಚೂರೂ ಯೂರಿಕ್ ಆಸಿಡ್ ಚೂರೂ ಕಾಣುವುದಿಲ್ಲ. ಅಲ್ಟ್ರಾಸೌಂಡ್‌ಗೆ ಗಾಳಿಗುಳ್ಳೆಯೂ ಹೆಪ್ಪುಗಟ್ಟಿದ ರಕ್ತವೂ ಕಲ್ಲಿನಂತೆ ಮಿನುಗಿ ಮೋಸ ಮಾಡುತ್ತವೆ. ಹಲಗೆಯ ಗೀಚುಚಿತ್ರಕ್ಕೆ ಮರಳಿ, ಪ್ರತಿ ಕ್ಯಾಲಿಕ್ಸ್‌ಗೂ ಫ್ಲೆಕ್ಸಿಬಲ್ ನೆಫ್ರೋಸ್ಕೋಪ್ ಹೋಗಿ ಬಂದಿದೆಯೇ ಎಂದು ಒಂದೊಂದಾಗಿ ಗೆರೆ ಹೊಡೆಯಿರಿ. ಯಾವ ಕ್ಯಾಲಿಕ್ಸ್ ಎಂಬ ಗೊಂದಲವಾದರೆ ಸ್ಕೋಪ್‌ನಿಂದಲೇ ತುಸು ಕಾಂಟ್ರಾಸ್ಟ್ ಬಿಟ್ಟು ಸಿ-ಆರ್ಮ್ ನೋಡಿ.

ವಿಕಿರಣದ ಲೆಕ್ಕ

ಅಲ್ಟ್ರಾಸೌಂಡ್‌ಗೆ ಸೂಜಿಯ ಪಾಲು ಒಪ್ಪಿಸುವುದರಿಂದ ಎಕ್ಸ್-ರೇ ಉಳಿತಾಯವಾಗುತ್ತದೆ. ಉಳಿದ ಭಾಗಕ್ಕೂ ಜಿಪುಣತನ ಇರಲಿ: ಟ್ಯೂಬ್ ಮೇಜಿನ ಕೆಳಗೆ, ಚಿತ್ರ ಹಿಡಿಯುವ ಭಾಗ ರೋಗಿಗೆ ಹತ್ತಿರ; ಪಲ್ಸ್ ಕ್ರಮ; ಕಿರಣವನ್ನು ಕಿರಿದಾಗಿಸುವ ಕೊಲಿಮೇಟರ್ ಬಿಗಿ; ಪೆಡಲ್ ಒತ್ತಿಹಿಡಿಯುವ ಬದಲು ಕೊನೆಯ ಚಿತ್ರವನ್ನೇ ನಿಲ್ಲಿಸಿ ನೋಡುವುದು. ಸೀಸದ ಏಪ್ರನ್ 0.5 ಮಿ.ಮೀ., ಜೊತೆಗೆ ಥೈರಾಯ್ಡ್ ಕಾಲರ್. ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಏಪ್ರನ್‌ನ ಒಳಗೆ, ಎದೆಯ ಮೇಲೆ. ಅಲಮಾರಿಯಲ್ಲಿ ತೂಗುವ ಬ್ಯಾಡ್ಜ್ ಯಾರನ್ನೂ ಕಾಯುವುದಿಲ್ಲ. ಸಿಬ್ಬಂದಿಗೆ ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ಮೀರಬಾರದು. ಮಕ್ಕಳಲ್ಲಿ ಆದಷ್ಟೂ ಕೆಲಸ ಅಲ್ಟ್ರಾಸೌಂಡ್‌ನಲ್ಲೇ ಮುಗಿಸಲು ನೋಡಿ.

ವಾರ್ಡಿಗೆ ಹೋದ ಮೇಲೆ

ಮೊದಲ 24 ಗಂಟೆ ಜ್ವರ, ನಾಡಿ, ಬಿಪಿ, ಹಿಮೋಗ್ಲೋಬಿನ್. ಪಕ್ಕೆಲುಬಿನ ಮೇಲಿನಿಂದ ಹೋಗಿದ್ದರೆ ಎದೆಯ ಎಕ್ಸ್-ರೇ ಕಡ್ಡಾಯ. ನಳಿಕೆಯಿಂದ ಗಾಳಿಯೋ ಮಲವೋ ಬಂದರೆ, ಅಥವಾ ಭೇದಿಯೊಡನೆ ಜ್ವರ ಬಂದರೆ, ಕರುಳಿಗೆ ತೂತಾಗಿದೆಯೇ ಎಂದು ತಕ್ಷಣ ಕಾಂಟ್ರಾಸ್ಟ್ ಸಿ.ಟಿ. ಮಾಡಿಸಿ. ಪೆರಿಟೋನಿಯಂ (ಹೊಟ್ಟೆಯ ಒಳಪೊರೆ) ಒಳಗೆ ಸೋರಿಕೆ ಇಲ್ಲದಿದ್ದರೆ ಮತ್ತು ಬೇಗ ತಿಳಿದರೆ, ನಳಿಕೆಯನ್ನು ಕಿಡ್ನಿಯಿಂದ ಕರುಳಿಗೆ ಹಿಂದೆಳೆದು, ಕಿಡ್ನಿಗೆ ಡಿಜೆ ಸ್ಟೆಂಟ್ (ಮೂತ್ರಕೋಶದವರೆಗೆ ಇಳಿಯುವ ಒಳನಳಿಕೆ) ಹಾಕಿ, ಹೊಟ್ಟೆ ತೆರೆಯದೆ ಗುಣಪಡಿಸಲು ಸಾಧ್ಯ.

ಉಳಿದ ಚೂರುಗಳನ್ನು ಖಚಿತವಾಗಿ ತಿಳಿಯಲು ಕಡಿಮೆ ಡೋಸ್ ಸಿ.ಟಿ. ಒಳ್ಳೆಯದು, ಆದರೆ ಮಾರನೇ ದಿನವೇ ಬೇಡ; ಧೂಳಾದ ಚೂರು ತಾನೇ ಇಳಿಯಲು ಸುಮಾರು ನಾಲ್ಕು ವಾರ ಬಿಡಿ. ಮನೆಗೆ ಹೋಗಿ ಒಂದರಿಂದ ಮೂರು ವಾರದ ನಡುವೆ ಮೂತ್ರ ಇದ್ದಕ್ಕಿದ್ದಂತೆ ಕೆಂಪಾಗಿ, ಹೆಪ್ಪು ಬರತೊಡಗಿದರೆ ಅದನ್ನು "ಸ್ಟೆಂಟ್‌ನಿಂದ" ಎಂದು ತಳ್ಳಿಹಾಕಬಾರದು. ಸೂಜಿಯ ದಾರಿಯಲ್ಲಿ ಹುಟ್ಟಿದ ಸ್ಯೂಡೋಅನ್ಯೂರಿಸಂ (ಗಾಯಗೊಂಡ ರಕ್ತನಾಳದ ಉಬ್ಬು) ಒಡೆದಿರಬಹುದು. ಸಿ.ಟಿ. ಆಂಜಿಯೋಗ್ರಫಿಯಲ್ಲಿ ಕಂಡರೆ ಆ ಸಣ್ಣ ನಾಳವನ್ನು ಮಾತ್ರ ಒಳಗಿನಿಂದ ಮುಚ್ಚಿಸುತ್ತಾರೆ. ಯಾವ ಲಕ್ಷಣಕ್ಕೆ ಎಲ್ಲಿಗೆ ಓಡಿಬರಬೇಕು, ರಾತ್ರಿ ಯಾವ ನಂಬರ್‌ಗೆ ಫೋನ್ ಮಾಡಬೇಕು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಿ. ಡಿಜೆ ಸ್ಟೆಂಟ್ ತೆಗೆಯುವ ದಿನಾಂಕವನ್ನೂ ಅದೇ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಓಟಿಯ ಸ್ಟೆಂಟ್ ರಿಜಿಸ್ಟರ್‌ಗೂ ಏರಿಸಿ. ನೋವು ಕೊಡದ ಸ್ಟೆಂಟನ್ನು ರೋಗಿ ಮರೆತುಬಿಡುತ್ತಾರೆ, ವರ್ಷ ಕಳೆಯುವುದರೊಳಗೆ ಅದರ ಮೇಲೆಯೇ ಕಲ್ಲು ಕಟ್ಟಿರುತ್ತದೆ.